ವಿಮಾನದಳದ ಹಳೆಯ ಜಾಕೆಟ್‌ಗಳು: ಒಬ್ಬ ಸಿಂಪಿಗನ ಸಂಗ್ರಹಾನುಭವ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಸೈನಿಕರ ಸಮವಸ್ತ್ರ ಹೊಲಿಯುವುದು ನಮ್ಮ ಮನೆತನದ ಉದ್ಯೋಗ. ಒಂದು ಕಡೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ, ಇನ್ನೊಂದು ಕಡೆ ಸಾಂಬ್ರಾದ ವಾಯುಸೇನಾ ತರಬೇತಿ ಶಾಲೆ ಇರುವ ಈ ಊರಿನಲ್ಲಿ ತೋಳಿನ ಪಟ್ಟಿ, ಎದೆಯ ರಿಬ್ಬನ್, ಹೆಸರಿನ ಫಲಕಗಳನ್ನು ಕೂರಿಸುವ ಕೆಲಸಕ್ಕೆ ಎಂದೂ ಬರವಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಮತ್ತು ಅದರ ನಂತರದ ವೈಮಾನಿಕ ಜಾಕೆಟ್‌ಗಳನ್ನು ಸಂಗ್ರಹಿಸುವ ಹವ್ಯಾಸ ನನಗೆ ಈ ಉದ್ಯೋಗದಿಂದಲೇ ಅಂಟಿಕೊಂಡಿತು. ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಕಾಲರಿನ ಕೆಳಗಿನ ಚೀಟಿಯನ್ನು ಕೊನೆಗೆ ಓದಿರಿ. ತೊಗಲು, ಅಸ್ತರು, ಝಿಪ್, ದಾರ, ಸೂಜಿಯ ತೂತು ಇವೆಲ್ಲವೂ ಒಂದೇ ಕಾಲವನ್ನು ಹೇಳಿದರೆ ಮಾತ್ರ ಚೀಟಿ ಹೇಳುವ ಕಾಲವನ್ನು ನಂಬಬಹುದು.

ಸಂಗ್ರಹಕಾರರು ಅತಿ ಹೆಚ್ಚು ಬಯಸುವ ಮತ್ತು ಅಷ್ಟೇ ಹೆಚ್ಚು ನಕಲಿಗೆ ಒಳಗಾಗಿರುವ ಜಾಕೆಟ್ ಅಮೆರಿಕದ ಎ-2. ಅಲ್ಲಿನ ಭೂಸೇನೆಯ ವಾಯುದಳ ಅದನ್ನು 1931ರಲ್ಲಿ ಅಂಗೀಕರಿಸಿತು. 1943ರ ನಂತರ ಅದರ ಜಾಗಕ್ಕೆ ಬಟ್ಟೆಯ ಜಾಕೆಟ್‌ಗಳು ಬಂದವು. ಬಹುಪಾಲು ಕುದುರೆಯ ತೊಗಲಿನಲ್ಲಿ ಹೊಲಿದಿದ್ದ ಇದನ್ನು ಏರೋ ಲೆದರ್, ರಫ್ ವೇರ್, ಪೆರ್ರಿ, ಡುಬೊ ಮೊದಲಾದ ಅನೇಕ ಕಂಪನಿಗಳು ಸರ್ಕಾರದ ಗುತ್ತಿಗೆಯ ಮೇಲೆ ತಯಾರಿಸಿದ್ದರಿಂದ ಕಾಲರಿನ ಆಕಾರ, ಕಿಸೆಯ ಮೂಲೆ, ತೊಗಲಿನ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಆದರೆ ಕೆಲವು ಸಂಗತಿಗಳು ಬದಲಾಗುವುದಿಲ್ಲ. ಬೆನ್ನು ಜೋಡಣೆಯಿಲ್ಲದ ಒಂದೇ ತುಂಡಿನದು. ಕಾಲರಿನ ತುದಿಗಳು ಹಾರಾಡದಂತೆ ಹಿಡಿಯಲು ಕೆಳಗಡೆ ಒತ್ತುಗುಂಡಿಗಳಿರುತ್ತವೆ. ಮುಂಭಾಗದ ಎರಡು ಕಿಸೆಗಳನ್ನು ಮೇಲಿನಿಂದ ಮಾತ್ರ ತೆರೆಯಬಹುದು. ಕೈ ಬೆಚ್ಚಗಿಡಲು ಪಕ್ಕದಿಂದ ಕೈ ತೂರಿಸುವ ಕಿಸೆ ಅದರಲ್ಲಿಲ್ಲ. ಯಾರಾದರೂ ತಂದ ಜಾಕೆಟ್ಟಿನಲ್ಲಿ ಪಕ್ಕದ ಕಿಸೆ ಕಂಡರೆ ನಾನು ಚೀಟಿಯನ್ನು ನೋಡಲು ಹೋಗುವುದೇ ಇಲ್ಲ, ಅದು ಯುದ್ಧಕಾಲದ್ದಲ್ಲ. ಝಿಪ್ಪಿನ ಎಳೆಪಟ್ಟಿಯ ಮೇಲೆ ಟ್ಯಾಲನ್, ಕ್ರೌನ್, ಕಾನ್ಮಾರ್‌ನಂತಹ ಆ ಕಾಲದ ಹೆಸರು ಇರಬೇಕು; ಜಪಾನಿನ ವೈಕೆಕೆ ಕಂಪನಿಯ ಹೆಸರಿದ್ದರೆ ಝಿಪ್ ಅನ್ನು ನಂತರ ಬದಲಿಸಲಾಗಿದೆ, ಇಲ್ಲವೇ ಇಡೀ ಜಾಕೆಟ್ಟೇ ಹೊಸದು.

ದಾರದ ವಿಷಯದಲ್ಲಿ ಸಿಂಪಿಗನಿಗೆ ಸ್ವಲ್ಪ ಅನುಕೂಲ ಹೆಚ್ಚು. ಆ ಕಾಲದ ಹೊಲಿಗೆ ಹತ್ತಿಯ ದಾರದ್ದು. ಹತ್ತಿಯ ದಾರ ಹಳತಾದಂತೆ ಮಾಸುತ್ತದೆ, ತೊಗಲಿನ ಬಣ್ಣವನ್ನು ಹೀರುತ್ತದೆ, ಒಂದು ಎಳೆಯನ್ನು ಸುಟ್ಟರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ದಾರ ಕರಗಿ ಗಟ್ಟಿ ಮಣಿಯಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಈಗಿನ ಅನೇಕ ದಾರಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಇದನ್ನೊಂದನ್ನೇ ನಂಬಿ ತೀರ್ಪು ಕೊಡಬಾರದು, ಏಕೆಂದರೆ ಈಗಿನ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಹತ್ತಿಯೂ ಹಾಗೆಯೇ ಹೊಳೆಯಬಲ್ಲದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನೋಡುವುದು ಸೂಜಿಯ ತೂತುಗಳನ್ನು. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಒಂದೆರಡು ಒಗೆತದಲ್ಲಿ ತೂತು ಮುಚ್ಚಿಹೋಗುತ್ತದೆ. ತೊಗಲಿನಲ್ಲಿ ಒಮ್ಮೆ ಬಿದ್ದ ತೂತು ಎಂದಿಗೂ ಮುಚ್ಚುವುದಿಲ್ಲ. ನನ್ನ ಬಳಿಯ ಒಂದು ಎ-2 ಜಾಕೆಟ್ಟಿನ ಎಡ ಎದೆಯ ಮೇಲೆ ಈಗ ಏನೂ ಇಲ್ಲ. ಆದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಬೆರಳಗಲದ ಉದ್ದನೆಯ ಚೌಕಟ್ಟಿನಲ್ಲಿ ತೂತುಗಳ ಸಾಲು ಕಾಣುತ್ತದೆ, ಅದರೊಳಗಿನ ತೊಗಲು ಸುತ್ತಲಿನದಕ್ಕಿಂತ ಕಡುಗಂದು ಬಣ್ಣದ್ದು. ಅಲ್ಲಿ ವೈಮಾನಿಕನ ಹೆಸರಿನ ಪಟ್ಟಿ ವರ್ಷಗಟ್ಟಲೆ ಇತ್ತು, ಬಿಸಿಲು ಅದರ ಅಡಿಗೆ ಹೋಗಲಿಲ್ಲ. ಹೀಗೆ ಹೊಲಿದಿದ್ದ ಗುರುತಿನ ಪಟ್ಟಿಗಳೇ ಜಾಕೆಟ್ಟಿನ ಬೆಲೆಯನ್ನು ಹಲವು ಪಟ್ಟು ಏರಿಸುವುದರಿಂದ, ಮೂಲ ಜಾಕೆಟ್ಟಿಗೆ ಬೇರೆ ಕಡೆಯ ಪಟ್ಟಿಯನ್ನು ಹೊಲಿದು ಮಾರುವವರು ಇದ್ದಾರೆ. ಪಟ್ಟಿಯ ತೂತುಗಳೂ ತೊಗಲಿನ ತೂತುಗಳೂ ಒಂದರ ಮೇಲೊಂದು ಕೂರುತ್ತವೆಯೇ, ಪಟ್ಟಿಯ ಅಂಚಿನಿಂದ ಹೊರಗೆ ಅನಾಥವಾದ ತೂತುಗಳಿವೆಯೇ, ಅಸ್ತರಿನವರೆಗೂ ಸೂಜಿ ಹೋಗಿದೆಯೇ ಎಂಬುದನ್ನು ಭೂತಗನ್ನಡಿಯಲ್ಲಿ ನೋಡದೆ ನಾನು ಹಣದ ಮಾತು ಆಡುವುದಿಲ್ಲ.

ಈ ಪಟ್ಟಿಗಳಲ್ಲಿ ನನಗೆ ಅತಿ ಆಪ್ತವಾದವು ನಮ್ಮ ದೇಶದಲ್ಲಿಯೇ ತಯಾರಾದವು. ಚೀನಾ, ಬರ್ಮಾ, ಭಾರತ ರಣಾಂಗಣಕ್ಕೆ ಬಂದ ಅಮೆರಿಕದ ವೈಮಾನಿಕರು ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನಾದ ಕುನ್ಮಿಂಗ್‌ಗೆ ಸರಕು ಸಾಗಿಸುತ್ತಿದ್ದರು. ಅವರ ಭುಜದ ಗುರುತಿನಲ್ಲಿ ಚೀನಾದ ಸೂರ್ಯನೂ ಭಾರತದ ನಕ್ಷತ್ರವೂ ಇದ್ದವು. ಬಣ್ಣದ ತೊಗಲಿನ ಚೂರುಗಳನ್ನು ಕತ್ತರಿಸಿ ಜೋಡಿಸಿ ಕೈಯಿಂದ ಹೊಲಿದ ಇಂತಹ ಗುರುತುಗಳನ್ನು ಇಲ್ಲಿನ ಪೇಟೆಗಳ ಕಸಬುದಾರರು ಮಾಡಿಕೊಟ್ಟರು. ವಿಮಾನ ಬಿದ್ದರೆ ಸ್ಥಳೀಯರು ನೆರವಾಗಲೆಂದು ಚೀನೀ ಭಾಷೆಯಲ್ಲಿ ಬರೆದ ಬಟ್ಟೆಯ ಮನವಿಪತ್ರವನ್ನು ಕೆಲವರು ಜಾಕೆಟ್ಟಿನ ಬೆನ್ನಿಗೆ, ಕೆಲವರು ಅಸ್ತರಿಗೆ ಹೊಲಿಸಿಕೊಳ್ಳುತ್ತಿದ್ದರು. ಸಾಂಬ್ರಾದ ವಿಮಾನ ನಿಲ್ದಾಣವನ್ನು ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿದ್ದು 1942ರಲ್ಲಿ, ಅದೇ ಬರ್ಮಾ ಯುದ್ಧದ ಕಾಲದಲ್ಲಿ. ಆ ಗುರುತುಗಳ ಹೊಲಿಗೆಯನ್ನು ನೋಡುವಾಗ ಹೆಸರು ದಾಖಲಾಗದ ನನ್ನ ಕಸಬಿನ ಹಿರಿಯರ ಕೈಯನ್ನೇ ನೋಡುತ್ತಿದ್ದೇನೆ ಎಂಬ ಗೌರವ ನನಗಿದೆ.

ಬ್ರಿಟಿಷ್ ವೈಮಾನಿಕರ ಇರ್ವಿನ್ ಜಾಕೆಟ್ ಉಣ್ಣೆಸಹಿತವಾದ ಕುರಿತೊಗಲಿನದು. ಪ್ಯಾರಾಶೂಟ್ ತಯಾರಕ ಲೆಸ್ಲಿ ಇರ್ವಿನ್ ರೂಪಿಸಿದ ಇದು 1930ರ ದಶಕದ ಆರಂಭದ್ದು. ಯುದ್ಧ ಮುಂದುವರಿದಂತೆ ಸಣ್ಣ ತುಂಡುಗಳನ್ನೂ ಬಳಸಬೇಕಾಗಿ ಬಂದುದರಿಂದ ನಂತರದ ಜಾಕೆಟ್‌ಗಳಲ್ಲಿ ಜೋಡಣೆಗಳು ಹೆಚ್ಚು. ಅಮೆರಿಕದ ನೌಕಾದಳದ ಜಿ-1 ಆಡಿನ ತೊಗಲಿನದು, ಅದರ ಕಾಲರಿಗೆ ತುಪ್ಪಳ ಇರುತ್ತದೆ.

ಹೊಸದಾಗಿ ಆರಂಭಿಸುವವರಿಗೆ ನಾನು ಸೂಚಿಸುವುದು ಅಮೆರಿಕದ ವಾಯುಸೇನೆಯ ನೈಲಾನಿನ ಜಾಕೆಟ್ ಎಂಎ-1. ಜೆಟ್ ವಿಮಾನಗಳು ಬಂದ ಮೇಲೆ ತೇವಗೊಂಡ ತೊಗಲು ಎತ್ತರದಲ್ಲಿ ಹೆಪ್ಪುಗಟ್ಟಿ ಬಿರುಸಾಗುತ್ತಿತ್ತು, ತುಪ್ಪಳದ ಕಾಲರು ಪ್ಯಾರಾಶೂಟಿನ ಪಟ್ಟಿಗೆ ಅಡ್ಡ ಬರುತ್ತಿತ್ತು. ಆದ್ದರಿಂದ 1950ರ ದಶಕದ ಈ ಜಾಕೆಟ್ಟಿಗೆ ನೈಲಾನನ್ನೂ ಹೆಣೆದ ಕಾಲರನ್ನೂ ಆರಿಸಿದರು. ಕಿತ್ತಳೆ ಬಣ್ಣದ ಅಸ್ತರು ಸುಮಾರು 1960ರಿಂದ ಬಂದದ್ದು. ಅಪಘಾತಕ್ಕೆ ಒಳಗಾದವನು ಜಾಕೆಟ್ಟನ್ನು ತಿರುವಿ ಹಾಕಿಕೊಂಡರೆ ಹುಡುಕುವವರಿಗೆ ದೂರದಿಂದಲೇ ಕಾಣಬೇಕೆಂಬುದು ಅದರ ಉದ್ದೇಶ. ಇಲ್ಲಿ ಚೀಟಿಯೂ ನೆರವಾಗುತ್ತದೆ. ಡಿಎಸ್ಎ (ಅಮೆರಿಕದ ಡಿಫೆನ್ಸ್ ಸಪ್ಲೈ ಏಜೆನ್ಸಿ) ಎಂಬ ಅಕ್ಷರಗಳಿದ್ದರೆ ಜಾಕೆಟ್ 1961ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಆ ಪೂರೈಕೆ ಸಂಸ್ಥೆ ಹುಟ್ಟಿದ್ದೇ ಆ ವರ್ಷ. 1977ರಲ್ಲಿ ಅದರ ಹೆಸರು ಬದಲಾಗಿ ಡಿಎಲ್ಎ (ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿ) ಆಯಿತು. ಗುತ್ತಿಗೆ ಸಂಖ್ಯೆಯ ನಡುವೆ 69, 72 ಎಂಬಂತೆ ಎರಡಂಕಿಗಳಿದ್ದರೆ ಅವು ಹಣಕಾಸಿನ ವರ್ಷವನ್ನು ಹೇಳುತ್ತವೆ.

ದಂಡಿನ ಊರಿನಲ್ಲಿರುವವರು ಇನ್ನೊಂದನ್ನು ನೆನಪಿಡಬೇಕು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ನಮ್ಮ ವಾಯುಸೇನೆಯ ಈಗಿನ ಉಡುಪನ್ನು ನಾನು ಸಂಗ್ರಹಿಸುವುದಿಲ್ಲ, ಸಂಗ್ರಹದ ಯಾವ ಜಾಕೆಟ್ಟನ್ನೂ ತೊಟ್ಟು ರಸ್ತೆಗೆ ಹೋಗುವುದೂ ಇಲ್ಲ.

ಕೊಳ್ಳುವುದಕ್ಕಿಂತ ಕಷ್ಟವಾದದ್ದು ಬೆಳಗಾವಿಯ ಮಳೆಗಾಲದಲ್ಲಿ ಕಾಯುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗೋಡೆಗಳೇ ಬೆವರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65 ದಾಟಿ ನಿಂತರೆ ತೊಗಲಿನ ಮೇಲೆ ಬೂಷ್ಟು ಏಳುತ್ತದೆ. ಆದ್ದರಿಂದ ಕಪಾಟಿನಲ್ಲಿ ಆರ್ದ್ರತಾ ಮಾಪಕ ಇಟ್ಟು, 50ರ ಆಸುಪಾಸಿನಲ್ಲಿ ನಿಲ್ಲುವಂತೆ ಸಿಲಿಕಾ ಜೆಲ್ ಚೀಲಗಳನ್ನು ಬದಲಿಸುತ್ತಿರುತ್ತೇನೆ. ಕಪಾಟು ಹೊರಗೋಡೆಗೆ ತಾಗಿರಬಾರದು. ಜಾಕೆಟ್ಟಿನ ಮೇಲೆ ಪಾಲಿಥಿನ್ ಹೊದಿಸದೆ, ಒಗೆದು ಗಂಜಿ ತೆಗೆದ ಹತ್ತಿಯ ಗವಸು ಹಾಕಬೇಕು. ಹ್ಯಾಂಗರಿನ ಭುಜ ಅಗಲವಾಗಿ ದಪ್ಪನಾಗಿರಬೇಕು. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸದೆ, ನೆರಳಿನ ಗಾಳಿಯಲ್ಲಿ ಒಣಗಿಸಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ತೆಗೆಯಬೇಕು.

ಎಣ್ಣೆಯ ಬಗ್ಗೆ ನನಗೆ ತಿಳಿಹೇಳಿದವರು ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವ ಹಿರಿಯರೊಬ್ಬರು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ತೊಗಲು ಹದಮಾಡುವುದನ್ನು ಬಲ್ಲ ಅವರು ಎ-2ರ ತೋಳನ್ನು ಹಿಸುಕಿ ನೋಡಿ, “ಮಾಸ್ತರ, ಇದಕ್ಕ ಎಣ್ಣಿ ಕುಡಸಬ್ಯಾಡ್ರಿ. ತೊಗಲ ಮೆತ್ತಗಾಗತೈತಿ ಖರೆ, ದಾರ ಕೊಳೀತೈತಿ” ಎಂದರು. ಎಣ್ಣೆ ಹೆಚ್ಚಾದರೆ ಅದರೊಳಗಿನ ಕೊಬ್ಬಿನ ಆಮ್ಲ ಹಿತ್ತಾಳೆಯ ಒತ್ತುಗುಂಡಿಗಳೊಂದಿಗೆ ಬೆರೆತು ಮೇಣದಂತಹ ಹಸಿರು ಕಿಲುಬು ಕಟ್ಟುವುದನ್ನೂ ನಾನು ಕಂಡಿದ್ದೇನೆ. ಅದನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯುತ್ತೇನೆ.

ತೋಳಿನ ತುದಿಯ ಹೆಣೆದ ಉಣ್ಣೆಯ ಪಟ್ಟಿ, ಅಂದರೆ ಮಣಿಕಟ್ಟು, ಮತ್ತು ತುಪ್ಪಳದ ಕಾಲರುಗಳಿಗೆ ಹುಳದ ಭಯ ಹೆಚ್ಚು. ಹೊಸದಾಗಿ ಬಂದ ಪ್ರತಿ ಜಾಕೆಟ್ಟನ್ನೂ ಗಾಳಿ ತೆಗೆದ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ತೊಗಲಿನ ಮೇಲೆ ನೀರಿನ ಹನಿ ಕೂರುತ್ತದೆ, ಆದ್ದರಿಂದ ಒಂದು ದಿನ ಹಾಗೆಯೇ ಬಿಡಬೇಕು. ಪಾಲಿಥಿನ್ ಚೀಲಕ್ಕೆ ನನ್ನ ಪದ್ಧತಿಯಲ್ಲಿ ಇದೊಂದೇ ಕೆಲಸ.

ಹರಿದ ಮಣಿಕಟ್ಟನ್ನು ಬದಲಿಸಿಕೊಡಿ ಎಂದು ಬೇರೆ ಸಂಗ್ರಹಕಾರರು ನನ್ನ ಅಂಗಡಿಗೆ ತರುತ್ತಾರೆ. ಹೊಸದನ್ನು ಕೂರಿಸುವುದು ನನಗೆ ಕಷ್ಟವಲ್ಲ, ಆದರೆ ಹಳೆಯದು ಜಾಕೆಟ್ಟಿನ ಕಾಲವನ್ನು ಹೇಳುವ ಭಾಗ. ಸಾಧ್ಯವಿದ್ದಷ್ಟು ಮಟ್ಟಿಗೆ ಒಳಗಿನಿಂದ ತೆಳುವಾದ ಹತ್ತಿಯ ಬಟ್ಟೆ ಕೊಟ್ಟು ಕೈಹೊಲಿಗೆಯಲ್ಲಿ ಹಿಡಿದು ನಿಲ್ಲಿಸುತ್ತೇನೆ. ಬದಲಿಸಲೇಬೇಕಾದಾಗ ಹಳೆಯ ಹೊಲಿಗೆಯ ತೂತುಗಳಲ್ಲಿಯೇ ಸೂಜಿ ಹಾಯಿಸುತ್ತೇನೆ, ಬಿಚ್ಚಿದ ತುಂಡನ್ನು ದಿನಾಂಕ ಬರೆದ ಲಕೋಟೆಯಲ್ಲಿಟ್ಟು ಜಾಕೆಟ್ಟಿನ ಜೊತೆಗೆ ಕೊಡುತ್ತೇನೆ.