ಪಾರ್ಕಿನಲ್ಲಿ ಕಾರ್ಯಕ್ರಮಕ್ಕೆ ‘ಅವಕಾಶವಿಲ್ಲ’ ಎಂದರೆ ಮುಂದೇನು?

ನಮ್ಮ ಬಳಗದವರಿಗೆ ಊರಿನ ಪಾರ್ಕಿನಲ್ಲಿ ಒಂದು ಭಾನುವಾರ ಸಂಜೆ ತಾಳಮದ್ದಲೆ, ಅಂದರೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ, ಇಡುವ ಮನಸ್ಸಾಯಿತು. ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಮದ್ದಲೆ, ಚಂಡೆ, ಪಾತ್ರಗಳ ಮಾತಾಡುವ ನಾಲ್ಕು ಜನ ಅರ್ಥಧಾರಿಗಳು, ಎರಡು ಮೈಕು. ಮೂರು ತಾಸಿನ ಕೆಲಸ, ಇದಕ್ಕೆ ಯಾರು ಬೇಡ ಅಂತಾರೆ ಎಂದುಕೊಂಡಿದ್ದೆವು. ಹದಿನೈದು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು: ‘ಸದರಿ ಉದ್ಯಾನವನದಲ್ಲಿ ಕಾರ್ಯಕ್ರಮಕ್ಕೆ ಅವಕಾಶವಿರುವುದಿಲ್ಲ.’

ಶಾಸಕರ ಮನೆಗೆ ಹೋಗೋಣ ಎಂದರು ಒಬ್ಬರು. ಕೋರ್ಟಿಗೇ ಹೋಗೋಣ ಎಂದರು ಇನ್ನೊಬ್ಬರು. ಮೊದಲು ಆ ಕಾಗದ ಕೊಡಿ ನೋಡೋಣ ಎಂದವರು ನಮ್ಮಲ್ಲೇ ಇದ್ದ ಒಬ್ಬ ನಿವೃತ್ತ ಗುಮಾಸ್ತರು. ಅವರು ಹೇಳಿಕೊಟ್ಟದ್ದು, ನಾವು ಎಡವಿ ಕಲಿತದ್ದು ಎರಡೂ ಇಲ್ಲಿವೆ.

ಹಿಂಬರಹ ಕೈಗೆ ಬರಲಿ

ಆಫೀಸಿನವರು ಬರೆದು ಕೊಡುವ ಉತ್ತರಕ್ಕೆ ಹಿಂಬರಹ ಎನ್ನುತ್ತಾರೆ. ಮುಂದಿನದೆಲ್ಲ ನಿಲ್ಲುವುದು ಇದರ ಮೇಲೆ. ‘ಸಾಹೇಬರು ಬೇಡ ಅಂದ್ರು’ ಎಂದು ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಕಳಿಸಿದರೆ ಸುಮ್ನೆ ವಾಪಸ್ ಬರಬೇಡಿ. ಅದನ್ನೇ ಬರೆದು ಕೊಡಿ ಎಂದು ಕೇಳಿ. ಕೊಡದಿದ್ದರೆ, ಬರೆದು ಕೊಡಿ ಎಂದೇ ಒಂದು ಅರ್ಜಿ ಹಾಕಿ. ಅದನ್ನು ಕಾಗದ ಸ್ವೀಕರಿಸುವ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು, ದಿನಾಂಕ, ನಂಬರ್ ಹಾಕಿಸಿಕೊಳ್ಳಿ.

ಹಿಂಬರಹ ಬಂತು ಅನ್ನಿ. ಸಹಿ ಯಾರದು ನೋಡಿ. ನಮ್ಮ ಉತ್ತರ ಕನ್ನಡದ ಕಾರವಾರ, ಶಿರಸಿಯಂಥ ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ. ಅಧಿಕಾರಿಯೇ ಬೇಡ ಎಂದಿದ್ದಾರೋ, ಸಭೆಯ ಠರಾವು ಇದೆಯೋ? ಠರಾವು ಇದ್ದರೆ ಅಧಿಕಾರಿ ಒಬ್ಬರೇ ಅದನ್ನು ಬದಲಿಸಲಾರರು, ವಿಷಯ ಮತ್ತೆ ಸಭೆಯ ಮುಂದೆ ಬರಬೇಕು. ಆಗ ನಿಮ್ಮ ವಾರ್ಡಿನ ಸದಸ್ಯರ ಕೆಲಸ ಶುರು.

ಆಮೇಲೆ ಕಾರಣ. ನಮ್ಮದರಲ್ಲಿ ಕಾರಣವೇ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಒಂದು ತೀರ್ಮಾನದಿಂದ ಯಾರಿಗೆ ತೊಂದರೆಯಾಗುತ್ತದೋ ಅವರಿಗೆ ಕಾರಣ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಹೊಸದಾಗಿ ಸೇರಿಸಿ ಸಮರ್ಥಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಅದಕ್ಕೇ ಕಾರಣವನ್ನು ಕಾಗದದ ಮೇಲೆ ತರಿಸಿಬಿಡುವುದು ಮೊದಲ ಕೆಲಸ.

ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಇನ್ನೊಂದು ಅರ್ಜಿಯಲ್ಲಿ, ಹಿಂದಿನ ಒಂದು ವರ್ಷ ಅದೇ ಪಾರ್ಕಿನಲ್ಲಿ ಯಾರಿಗೆಲ್ಲ ಅನುಮತಿ ಕೊಟ್ಟಿದ್ದೀರಿ ಎಂದು ಕೇಳಿ. ನನ್ನ ಲೆಕ್ಕದಲ್ಲಿ ಈ ಎರಡನೆಯದಕ್ಕೇ ಬೆಲೆ ಜಾಸ್ತಿ. ಬೇರೆಯವರ ಹುಟ್ಟುಹಬ್ಬಕ್ಕೆ ಸಿಕ್ಕಿದ ಜಾಗ ನಿಮಗೆ ಯಾಕಿಲ್ಲ ಎಂದು ಕೇಳಬಹುದಲ್ವಾ?

ಜಾಗ ಯಾರದ್ದು?

ಇಷ್ಟಕ್ಕೂ ಸರಿಯಾದ ಆಫೀಸಿಗೇ ಅರ್ಜಿ ಹಾಕಿದ್ದಿರಾ ನೋಡಿಕೊಳ್ಳಿ. ಕಾರವಾರದ ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಗೆ ಜಿಲ್ಲಾಡಳಿತವನ್ನು ಕೇಳಬೇಕು. ಮರಳಿನ ಮೇಲೆ ಶಾಮಿಯಾನ ಎಂದರೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ಮಾತೂ ಬರುತ್ತದೆ. ತಪ್ಪು ಆಫೀಸಿನವರು ಇಲ್ಲ ಎಂದಿದ್ದರೆ ಮೇಲ್ಮನವಿಗೆ ಹೊತ್ತು ಕಳೆಯಬೇಡಿ, ಸರಿಯಾದ ಕಡೆ ಹೊಸ ಅರ್ಜಿ ಹಾಕಿ.

ಕಾರಣಕ್ಕೆ ತಕ್ಕ ಉತ್ತರ

ನಮ್ಮ ಮೊದಲ ಮೇಲ್ಮನವಿ ಮೂರು ಪುಟ ಇತ್ತು. ಯಕ್ಷಗಾನ ಪರಂಪರೆ, ಕಲೆ ಉಳಿಸಬೇಕಾದ ಅಗತ್ಯ, ಎಲ್ಲ ಬರೆದಿದ್ದೆವು. ಗುಮಾಸ್ತರು ಓದಿ, ‘ಇದು ಅರ್ಜಿಯೋ ಪ್ರಸಂಗವೋ ಮಾರಾಯಾ?’ ಎಂದು ಎರಡು ಪುಟ ಹೊಡೆದು ಹಾಕಿದರು. ಉಳಿದದ್ದು ಇಷ್ಟು: ಮೊದಲ ಅರ್ಜಿಯ ದಿನಾಂಕ, ಹಿಂಬರಹದ ನಂಬರು, ಆಮೇಲೆ ನಾವು ಬರೆಸಿಕೊಂಡ ಅವರ ಒಂದೊಂದು ಕಾರಣ, ಅದರ ಕೆಳಗೇ ನಮ್ಮ ಉತ್ತರ, ನಾವು ಒಪ್ಪುವ ಷರತ್ತುಗಳು.

ಎಷ್ಟೋ ಸಲ ಬರುವ ಕಾರಣ ಶಬ್ದ. ಇದಕ್ಕೆ 2000ದ ಶಬ್ದ ಮಾಲಿನ್ಯ ನಿಯಮ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜನವಸತಿ ಜಾಗದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ನಿಮ್ಮ ಕಾರ್ಯಕ್ರಮ ಸಂಜೆ 4ರಿಂದ 7 ಆದರೆ ಹಾಗೆಂದು ಬರೆಯಿರಿ. ಎರಡೇ ಸ್ಪೀಕರು, ಮನೆಗಳಿಗೆ ಬೆನ್ನು ಮಾಡಿ ಇಡುತ್ತೇವೆ ಎಂದು ನೀವೇ ಷರತ್ತು ಹಾಕಿಕೊಳ್ಳಿ. ಧ್ವನಿವರ್ಧಕಕ್ಕೆ ಪೊಲೀಸ್ ಕಡೆಯಿಂದ ಲಿಖಿತ ಅನುಮತಿ ಬೇರೆಯೇ ಬೇಕು. ಅದರ ಅರ್ಜಿಯ ಪ್ರತಿ ಲಗತ್ತಿಸಿದರೆ ಇವರು ಗಂಭೀರವಾಗಿದ್ದಾರೆ ಎಂದು ಗೊತ್ತಾಗುತ್ತದೆ.

ಇನ್ನು ಕೆಲವರು 1985ರ ಉದ್ಯಾನ, ಆಟದ ಬಯಲುಗಳ ಕಾಯ್ದೆಯನ್ನು ತೋರಿಸುತ್ತಾರೆ. ಪಾರ್ಕನ್ನು ಪಾರ್ಕಾಗಿಯೇ ಉಳಿಸಬೇಕು ಎಂಬ ಕಾಯ್ದೆ ಅದು, ಒಳ್ಳೆಯದೇ. ಗುಂಡಿ ತೋಡದೆ, ಟಿಕೆಟ್ ಇಡದೆ, ಒಂದು ಸಂಜೆ ಕೂತು ಎದ್ದು ಹೋದರೆ ಪಾರ್ಕು ಪಾರ್ಕಾಗಿಯೇ ಇರುತ್ತದೆ ಎಂದು ವಾದಿಸಬಹುದು. ನೀವು ಇಪ್ಪತ್ತು ಮಳಿಗೆ ಹಾಕಿ ವ್ಯಾಪಾರ ಮಾಡುವವರಾದರೆ ಮಾತ್ರ ಅವರ ಕಾರಣಕ್ಕೂ ತೂಕ ಇದೆ ಎಂದು ಒಪ್ಪಿಕೊಳ್ಳಬೇಕು. ಕಸ ಎಂದರೆ ಠೇವಣಿ ಇಡುತ್ತೇವೆ ಎನ್ನಿ.

ಸಂವಿಧಾನದ 19ನೇ ವಿಧಿಯನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಶಾಂತಿಯಿಂದ ಸೇರುವ ಹಕ್ಕು ನಮಗಿದೆ, ಅದರ ಮೇಲೆ ಸಮಂಜಸ ನಿರ್ಬಂಧ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಇದೇ ಪಾರ್ಕು, ಇದೇ ದಿನ ಬೇಕೆಂಬ ಹಕ್ಕು ಅದರಲ್ಲಿಲ್ಲ. ಅದಕ್ಕೇ ಕೊನೆಯಲ್ಲಿ ಇನ್ನೆರಡು ಬದಲಿ ದಿನಾಂಕ ಕೊಡಿ.

ಯಾರಿಗೆ ಬರೆಯುವುದು

ಮೊದಲು ಸಹಿ ಮಾಡಿದವರಿಗೇ ಮರುಪರಿಶೀಲನೆಗೆ ಬರೆಯಿರಿ. ಅರ್ಧದಷ್ಟು ಪ್ರಕರಣ ಇಲ್ಲೇ ಮುಗಿಯಬಹುದು ಎಂಬುದು ನಮ್ಮ ಗುಮಾಸ್ತರ ನಂಬಿಕೆ. ಆಗದಿದ್ದರೆ ಜಿಲ್ಲಾಧಿಕಾರಿ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಅವರಿಗೆ ಮೇಲ್ವಿಚಾರಣೆಯ ಅಧಿಕಾರ ಇದೆ, ಕಾನೂನಿಗೆ ವಿರುದ್ಧವಾದ ಆದೇಶವನ್ನು ತಡೆಹಿಡಿಯಬಹುದು. ಶಿರಸಿ, ಸಿದ್ದಾಪುರದವರು ಇದೊಂದಕ್ಕೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕೆಂದಿಲ್ಲ, ಸ್ಪೀಡ್ ಪೋಸ್ಟ್ ಸಾಕು. ಒಂದು ಪ್ರತಿ ಉಪವಿಭಾಗಾಧಿಕಾರಿಗೂ ಇರಲಿ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ದರೆ ಅವರು ಯಾರೆಂದು ಮೊದಲು ನೋಡಿ. ಇಲ್ಲ ಎಂದವರಿಗೇ ಮೇಲ್ಮನವಿ ಬರೆದಂತಾದೀತು!

ಅರ್ಜಿ ಕೊಟ್ಟಾಗ ಸಕಾಲದ (ನಿಗದಿತ ದಿನದೊಳಗೆ ಸೇವೆ ಕೊಡುವ ಸರ್ಕಾರಿ ವ್ಯವಸ್ಥೆ) 15 ಅಂಕಿಯ ಸಂಖ್ಯೆ ಸಿಕ್ಕಿದ್ದರೆ ಸಕಾಲದ ಸಕ್ಷಮ ಅಧಿಕಾರಿಗೂ ಮೇಲ್ಮನವಿ ಹಾಕಬಹುದು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಕೊನೆಯದು ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಒಂದು ಸಂಜೆಯ ತಾಳಮದ್ದಲೆಗೆ ಇಷ್ಟು ದೂರ ಹೋಗಬೇಕೇ ಎಂಬುದು ನಿಮಗೆ ಬಿಟ್ಟದ್ದು.

ಎಲ್ಲ ಕಾಗದದ ತಲೆಯಲ್ಲೂ ‘ಕಾರ್ಯಕ್ರಮ ಇಂಥ ದಿನ, ಅದಕ್ಕೆ ಮೊದಲು ತೀರ್ಮಾನ ಬೇಕು’ ಎಂದು ದಪ್ಪಗೆ ಬರೆಯಿರಿ. ನಾವು ಬರೆದಿರಲಿಲ್ಲ. ಮೊದಲ ಭಾನುವಾರ ಹಾಗೇ ಹೋಯಿತು, ತಾಳಮದ್ದಲೆ ಒಬ್ಬರ ಮನೆಯಂಗಳದಲ್ಲಿ ನಡೆಯಿತು. ಪಾರ್ಕಿಗೆ ಅನುಮತಿ ಬಂದದ್ದು ಬದಲಿ ದಿನಾಂಕಕ್ಕೆ, ನಾವೇ ಬರೆದ ಷರತ್ತುಗಳ ಜೊತೆ.

ಅನುಮತಿ ಪತ್ರ ಬಂದ ಮೇಲೆ ನಾಲ್ಕು ನಕಲು ಮಾಡಿಸಿ. ಠಾಣೆಗೊಂದು, ತಾತ್ಕಾಲಿಕ ಕರೆಂಟಿಗೆ ಹೆಸ್ಕಾಂಗೊಂದು, ನಿಮ್ಮ ಜೇಬಿಗೊಂದು, ಪಾರ್ಕಿನ ಕಾವಲುಗಾರನಿಗೊಂದು. ನಮ್ಮ ಭಾಗವತರು ಗೇಟಿನ ಹೊರಗೆ ಅರ್ಧ ತಾಸು ನಿಂತದ್ದು ಆ ಕೊನೆಯ ನಕಲು ಇಲ್ಲದೆ.