ಬಣ್ಣದ ಬಾನಿಯ ನೀರು, ಕಬ್ಬಿನ ಸಿಪ್ಪೆಯ ಇದ್ದಿಲು

ಕಾಲೇಜಿನ ಪ್ರಯೋಗಾಲಯದಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣವನ್ನು ಅರ್ಧ ಗಂಟೆಯಲ್ಲಿ ತಿಳಿಯಾಗಿಸಿದ್ದ ಕಬ್ಬಿನ ಸಿಪ್ಪೆಯ ಪುಡಿ, ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಿಂದ ತಂದ ಕೆಂಪು ನೀರಿನ ಮುಂದೆ ಸೋತುಹೋಯಿತು. ಇಡೀ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಶೀಸೆಯನ್ನು ಕಿಟಕಿಗೆ ಹಿಡಿದರೆ ಅದೇ ಕೆಂಪು. ಸಿಪ್ಪೆಯೇ ಬಿಟ್ಟ ಕಂದು ಬಣ್ಣ ಬೇರೆ ಸೇರಿಕೊಂಡಿತ್ತು.

ಕಾರಣ ವಿದ್ಯುದಂಶದಲ್ಲಿತ್ತು. ಮೆಥಿಲೀನ್ ಬ್ಲೂ ಧನ, ಸಿಪ್ಪೆಯ ಮೈ ಋಣ, ಅಂಟಿಕೊಳ್ಳುತ್ತವೆ. ಹತ್ತಿ ನೂಲಿನ ಲಡಿಗೆ ಹಾಕುವ ರಿಯಾಕ್ಟಿವ್ ಬಣ್ಣವೂ ಋಣ. ಬಾನಿಗೆ ಹಾಕಿದ ವಾಷಿಂಗ್ ಸೋಡಾದಿಂದ ನೀರು ಕ್ಷಾರವಾಗಿ ಸಿಪ್ಪೆಯ ಋಣ ಇನ್ನಷ್ಟು ಹೆಚ್ಚುತ್ತದೆ. ಒಂದನ್ನೊಂದು ದೂರ ತಳ್ಳದೆ ಇನ್ನೇನು ಮಾಡಿಯಾವು?

ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣದಿಂದ ಮತ್ತೆ ಸಿಪ್ಪೆ ತಂದೆ. ಕುದಿಯುವ ನೀರಿನಲ್ಲಿ ತೊಳೆದು, ಒಣಗಿಸಿ, ಫಾಸ್ಫಾರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಮುಚ್ಚಿದ ಮೂಸೆಯಲ್ಲಿ 450 ಡಿಗ್ರಿಗೆ ಒಂದು ಗಂಟೆ ಸುಟ್ಟೆ. ಆಮ್ಲ ಪೂರ್ತಿ ಹೋಗುವವರೆಗೆ ಇದ್ದಿಲನ್ನು ತೊಳೆಯಲು ಎರಡು ದಿನ ಹಿಡಿಯಿತು. ಇಲ್ಲಿ ಅವಸರ ಸಲ್ಲದು. ಇದ್ದಿಲಿನ ಮೈಯ ಋಣ ತಗ್ಗಲೆಂದು ಬಾನಿಯ ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, 3ಕ್ಕೆ ಇಳಿಸಿದೆ. ಸೋಡಾ ಉಕ್ಕುವುದರಿಂದ ದೊಡ್ಡ ಪಾತ್ರೆಯೇ ಬೇಕು. 100 ಮಿಲಿಲೀಟರಿಗೆ ಒಂದು ಗ್ರಾಂ ಇದ್ದಿಲು ಹಾಕಿ ಕಲಕುತ್ತ ಹೋದೆ. ಎರಡು ಗಂಟೆಯಲ್ಲಿ ಕಡುಗೆಂಪು ತೆಳು ಗುಲಾಬಿಗೆ ಇಳಿಯಿತು.

ನೀರಿನಲ್ಲಿ ಲೋಹವಿದ್ದರೆ ಅದರ ಲೆಕ್ಕ ಬೇರೆ. ಮೈಲುತುತ್ತದ ದ್ರಾವಣದಲ್ಲಿ ನೋಡಿದೆ: ಪಿಎಚ್ 3ರಲ್ಲಿ ತಾಮ್ರ ಇದ್ದಿಲಿಗೆ ಹತ್ತುವುದೇ ಕಡಿಮೆ, 5ರ ಹತ್ತಿರ ಚೆನ್ನಾಗಿ ಹತ್ತುತ್ತದೆ. ಇನ್ನೂ ಮೇಲೇರಿಸಿದರೆ ತಾಮ್ರ ತಾನಾಗಿಯೇ ಗಸಿಯಾಗಿ ಕೆಳಗಿಳಿಯುತ್ತದೆ. ಇದ್ದಿಲೇ ಹಿಡಿಯಿತು ಎಂದು ಬರೆದುಕೊಂಡರೆ ಅದು ಸುಳ್ಳು ಲೆಕ್ಕ. ಆದ್ದರಿಂದ ಇದ್ದಿಲು ಹಾಕದ ಒಂದು ಶೀಸೆಯನ್ನು ಪ್ರತಿ ಸಲವೂ ಪಕ್ಕಕ್ಕೆ ಇಡುತ್ತೇನೆ. ಸೋಸುವ ಕಾಗದವೂ ಬಣ್ಣ ಹೀರುತ್ತದೆ. ಅದನ್ನೂ ಬೇರೆಯಾಗಿ ಅಳೆಯಬೇಕು. ಬಾನಿಗೆ ಹಾಕಿದ ಉಪ್ಪನ್ನು ಮಾತ್ರ ಈ ಇದ್ದಿಲು ತೆಗೆಯುವುದಿಲ್ಲ. ತಿಳಿಯಾಗಿ ಕಾಣುವ ನೀರನ್ನು ಬೆಳೆಗೆ ಬಿಡಬಾರದು.

ಬಣ್ಣದ ಮನೆಯ ಹಿರಿಯರು ಕೇಳಿದರು: “ಸರ್, ಬಳಸಿದ ಇದ್ದಿಲನ್ನು ಕಬ್ಬಿನ ಹೊಲಕ್ಕೆ ಹಾಕಬಹುದೇ?”

“ಬೇಡ ಕಾಕಾ, ಇಲ್ಲಿ ನೋಡಿ” ಎಂದು ಒಂದು ಚಿಟಿಕೆಯನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಹಾಕಿದೆ. ಕಪ್ಪು ಪುಡಿ ತಳಕ್ಕಿಳಿಯಿತು. ಅದರ ಸುತ್ತ ಸಣ್ಣಗೆ, ಹೊಗೆಯಂತೆ, ಕೆಂಪು ಮೇಲೆದ್ದಿತು.