ಟಿಎಂಟಿ ವರದಿಯ ಕೊನೆಯ ಸಾಲನ್ನು ನಾನು ಕೊನೆಗೇ ಓದುತ್ತೇನೆ

ಹೃದ್ರೋಗ ತಜ್ಞನಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ವರದಿ ಕೈಗೆ ಬಂದೊಡನೆ ನನ್ನ ಕಣ್ಣು ಹೋಗುತ್ತಿದ್ದುದು ಕೊನೆಯ ಸಾಲಿಗೆ: ಪಾಸಿಟಿವೋ, ನೆಗೆಟಿವೋ. ಮೂರೇ ನಿಮಿಷಕ್ಕೆ ಏದುಸಿರು ಬಿಟ್ಟು ಇಳಿದವರಿಗೂ, ಇಸಿಜಿ ಬದಲಾಗಿಲ್ಲವೆಂಬ ಒಂದೇ ಕಾರಣಕ್ಕೆ, ಹೆದರಬೇಕಿಲ್ಲ ಎಂದು ಹೇಳಿ ಕಳುಹಿಸುತ್ತಿದ್ದೆ. ಅದು ಅವಸರದ ಮಾತೆಂದು ಅರಿವಾದದ್ದು ಡ್ಯೂಕ್ ಅಂಕವನ್ನು, ಅಂದರೆ ಈ ಪರೀಕ್ಷೆಯಿಂದಲೇ ಅಪಾಯವನ್ನು ಅಳೆಯುವ ಸಂಖ್ಯೆಯನ್ನು, ಕೈಯಾರೆ ಲೆಕ್ಕ ಹಾಕತೊಡಗಿದ ಮೇಲೆ.

ಬ್ರೂಸ್ ಕ್ರಮದಲ್ಲಿ (ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುವ ನಡಿಗೆ) ನಡೆದ ನಿಮಿಷಗಳಿಂದ ಇಸಿಜಿಯ ಎಸ್‌ಟಿ ಎಂಬ ಭಾಗದ ವ್ಯತ್ಯಾಸದ ಮಿಲಿಮೀಟರ್‌ಗಳ 5 ಪಟ್ಟನ್ನೂ ಎದೆನೋವಿನ ಅಂಕದ 4 ಪಟ್ಟನ್ನೂ ಕಳೆಯಬೇಕು. ನೋವಿಲ್ಲದಿದ್ದರೆ ಆ ಅಂಕ 0, ಬಂದರೆ 1, ನೋವಿನಿಂದಾಗಿಯೇ ಪರೀಕ್ಷೆ ನಿಲ್ಲಿಸಬೇಕಾದರೆ 2. ಉತ್ತರ 5 ಅಥವಾ ಹೆಚ್ಚಿದ್ದರೆ ಅಪಾಯ ಕಡಿಮೆ, −11 ಅಥವಾ ಅದಕ್ಕೂ ಕೆಳಗಿದ್ದರೆ ಅಧಿಕ. 1991ರಲ್ಲಿ ಪ್ರಕಟವಾದ ಹೊರರೋಗಿಗಳ ಅಧ್ಯಯನದಲ್ಲಿ ನಾಲ್ಕು ವರ್ಷಗಳ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 99, ಎರಡನೆಯದರಲ್ಲಿ ಶೇ. 79. ಮೂರು ನಿಮಿಷದ ನನ್ನ ‘ನೆಗೆಟಿವ್’ ರೋಗಿಗೆ ಎದೆನೋವು ಬರದಿದ್ದರೂ ಸಿಗುವುದು 3 ಅಂಕ, ಅಂದರೆ ಮಧ್ಯಮ ಅಪಾಯ.

ಇನ್ನೊಂದು ಸಂಖ್ಯೆಯನ್ನು ಯಂತ್ರ ತಾನಾಗಿ ಎತ್ತಿ ತೋರಿಸದಿದ್ದರೂ ನಾನು ಹುಡುಕಿ ನೋಡುತ್ತೇನೆ: ನಡಿಗೆಯ ತುದಿಯಲ್ಲಿದ್ದ ನಾಡಿಬಡಿತ ಪರೀಕ್ಷೆ ಮುಗಿದ ಮೊದಲ ಒಂದು ನಿಮಿಷದಲ್ಲಿ ಎಷ್ಟು ಇಳಿಯಿತು ಎಂಬುದು. ಇಳಿಕೆ 12 ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚೆಂದು 1999ರಿಂದ ಗೊತ್ತಿದೆ. ಆದರೆ ಆ 12ರ ಗಡಿ ನಿಧಾನವಾಗಿ ನಡೆಸುತ್ತಲೇ ದಣಿವಾರಿಸಿದವರಿಗೆ ಸೇರಿದ್ದು. ತಕ್ಷಣ ಮಲಗಿಸಿದರೆ ಬಡಿತ ಬೇಗ ಇಳಿಯುವುದರಿಂದ ಗಡಿ 18 ಆಗುತ್ತದೆ. ಇದನ್ನು ಕೇಳಿ ತಿಳಿಯದೆ ಎಷ್ಟು ವರದಿಗಳನ್ನು ಸರಿಯೆಂದು ಒಪ್ಪಿದ್ದೆನೋ, ಈಗ ಎಣಿಸಲು ದಾರಿಯಿಲ್ಲ.

ಎಪ್ಪತ್ತೈದು ದಾಟಿದವರಲ್ಲಿ ಡ್ಯೂಕ್ ಅಂಕವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಮಂಡಿನೋವಿನಿಂದ ಬೇಗ ಇಳಿದವರ ನಿಮಿಷಗಳು ಹೃದಯದ ಕಥೆಯನ್ನು ಹೇಳುವುದಿಲ್ಲ. ಅಂಥವರಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಅಂಶ), ಮಧುಮೇಹ ಇವುಗಳ ಮೇಲೆ ಹೆಚ್ಚು ಭಾರ ಹಾಕುತ್ತೇನೆ.

ರೋಗಿಗೆ ಶೇಕಡಾವಾರು ಹೇಳುವಾಗ, ಅದು ಅವರಂಥ ನೂರು ಜನರ ಲೆಕ್ಕವೇ ಹೊರತು ಅವರೊಬ್ಬರ ಆಯುಸ್ಸಲ್ಲ ಎಂದು ಮೊದಲೇ ಬಿಡಿಸಿ ಹೇಳುತ್ತೇನೆ. ವರದಿಯ ಅಂಚಿನಲ್ಲಿ ಮಾತ್ರ ನಾಲ್ಕು ವಿಷಯ ಬರೆದಿಡುತ್ತೇನೆ: ನಡೆದ ನಿಮಿಷ, ಇಳಿದ ಕಾರಣ, ಬಡಿತದ ಇಳಿಕೆ, ಆಮೇಲೆ ನಡೆಸಿದರೋ ಮಲಗಿಸಿದರೋ.